ಟಚ್ಚಪ್ಪನವರ ಸುಳ್ಳುಮೀನು

ಅವರಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಹಿರಿಯೂರಿನಲ್ಲಿ ಅದನ್ನು ಬಳಸುತ್ತಿದ್ದವನು ಪೋಸ್ಟ್‌ಮ್ಯಾನ್ ಒಬ್ಬನೇ, ಅದೂ ಕಾಗದ ಬಂದಾಗ ಮಾತ್ರ. ಅವರ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. ಉಳಿದ ಊರಿಗೆಲ್ಲ ಅವರು ಟಚ್ಚಪ್ಪ. ಬಸ್ ಸ್ಟ್ಯಾಂಡಿನ ಹಿಂದಿನ ಫೋಟೋ ಸ್ಟುಡಿಯೋದಲ್ಲಿ ಅವರ ಕೆಲಸ ಟಚ್‌ಅಪ್ ಮಾಡುವುದು. ಎಂದರೆ, ಕಪ್ಪು ಬಿಳುಪು ಫೋಟೋದ ಮೇಲೆ ಸಣ್ಣ ಕುಂಚದಿಂದ ಬಣ್ಣ ಹಚ್ಚಿ ಮದುಮಗಳ ಕೆನ್ನೆಗೆ ನಾಚಿಕೆ ತರಿಸುವುದು, ಸೀರೆಗೆ ಜರಿ ತರಿಸುವುದು, ಮದುಮಗನನ್ನು ಅವನ ತಾಯಿಗೂ ಗುರುತು ಸಿಗದಷ್ಟು ಬೆಳ್ಳಗೆ ಮಾಡುವುದು. ಹಳ್ಳಿಯಿಂದ ಬಂದ ಯಾರೋ ಒಬ್ಬರು ಬೋರ್ಡಿನ ಮೇಲಿದ್ದ ಆ ಮಾತನ್ನು ಮಾಲೀಕರ ಹೆಸರೆಂದು ತಿಳಿದು, ಒಳಗೆ ಇಣುಕಿ, “ಟಚ್ಚಪ್ಪನೋರು ಅದಾರೇನ್ರಿ?” ಎಂದು ಕೇಳಿದರಂತೆ. “ಅದೀನಿ, ಬರ್ರಿ, ಕುಂತ್ಕಳ್ರಿ” ಎಂದರಂತೆ ಇವರು. ಅಲ್ಲಿಗೆ ನಾಮಕರಣ ಮುಗಿಯಿತು.

ಅವರು ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಈಗಲೂ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಯಾರಾದರೂ, “ಲೇ ಕಂಡಕ್ಟ್ರೇ, ಟಚ್ಚಪ್ಪನ ಥರ ಒಂದು ಬಿಡಪ್ಪ” ಎನ್ನುತ್ತಾರೆ. ನಾನು ಸೀಟಿ ಊದಿ ಮುಂದಿನ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಯಾರ ದನಿಯನ್ನು ಬೇಕಾದರೂ ತೆಗೆಯುವ ನಾನು ಆ ಒಂದನ್ನು ಏಕೆ ತೆಗೆಯುವುದಿಲ್ಲ ಎಂದು ಒಬ್ಬೊಬ್ಬರಿಗೇ ಹೇಳುತ್ತ ಕುಳಿತರೆ ಬಸ್ಸು ಹೊಸದುರ್ಗ ಮುಟ್ಟುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಬಗ್ಗೆಯೂ ಸ್ವಲ್ಪ ಹೇಳಿಬಿಡಬೇಕು, ಬೇರೆ ಯಾರೂ ಹೇಳುವುದಿಲ್ಲ. ಚಿತ್ರದುರ್ಗದಲ್ಲಿ ಕಾಲೇಜು ಓದುವಾಗ ಪ್ರಿನ್ಸಿಪಾಲರ ದನಿಯಲ್ಲಿ ವರಾಂಡದ ಕಂಬದ ಹಿಂದಿನಿಂದ “ಈ ದಿನ ರಜೆ ಇರುತ್ತದೆ” ಎಂದು ಘೋಷಿಸಿ ಅರ್ಧ ತರಗತಿಯನ್ನು ಚಂದ್ರವಳ್ಳಿಗೆ ಕಳಿಸಿದವನು ನಾನು. ಆ ವರ್ಷ ಇಂಗ್ಲಿಷಿನಲ್ಲಿ ಬಂದ ಅಂಕಗಳು ಮಾತ್ರ ಅಪ್ಪಟ ನನ್ನವು, ಅವು ಯಾರ ಅನುಕರಣೆಯೂ ಅಲ್ಲ. ಸೋದರಮಾವ ಕನಿಕರಿಸಿ ತಮ್ಮ ಬಸ್ಸಿಗೆ ಕಂಡಕ್ಟರ್ ಮಾಡಿಕೊಂಡರು. ಚಿತ್ರದುರ್ಗದಿಂದ ಹಿರಿಯೂರು, ಅಲ್ಲಿಂದ ಮಾರಿಕಣಿವೆ ದಾಟಿ ಹೊಸದುರ್ಗ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಸ್ಟಾಪಿಗೊಂದು ದನಿ ಹತ್ತುತ್ತಿತ್ತು. ನಾನು ಟಿಕೆಟ್ ಹರಿದುಕೊಟ್ಟು ದನಿ ಇಟ್ಟುಕೊಳ್ಳುತ್ತಿದ್ದೆ. ಹೀಗೆ ಇಟ್ಟುಕೊಂಡು ಇಟ್ಟುಕೊಂಡು ನನ್ನದು ಯಾವುದೆಂಬುದೇ ಮನೆಯವರಿಗೆ ಮರೆತುಹೋಯಿತು. ಅವ್ವ ಊಟಕ್ಕೆ ಕರೆದಾಗ “ಬಂದೆ” ಎಂದರೆ, “ಯಾರ್ರೀ ಅದು ಒಳಗೆ?” ಎನ್ನುತ್ತಿದ್ದಳು.

ಟಚ್ಚಪ್ಪನವರ ದನಿ ನನಗೆ ಸುಲಭವಾಗಿ ಸಿಗಲಿಲ್ಲ. ಅವರು ಕೆಲಸ ಮಾಡುವಾಗ ಎರಡು ಕುಂಚ ಬಳಸುತ್ತಿದ್ದರು. ಒಂದು ಕೈಯಲ್ಲಿ, ಇನ್ನೊಂದು ತುಟಿಗಳ ನಡುವೆ. ತುಟಿ ಕೂಡಿಸಿ ಆಡುವ ಅಕ್ಷರಗಳೆಲ್ಲ ಆ ಕುಂಚಕ್ಕೆ ಸಿಕ್ಕಿ ಸಾಯುತ್ತಿದ್ದವು. ಮೀನು ‘ಈನು’ ಆಗುತ್ತಿತ್ತು. ಬಣ್ಣ ‘ಅಣ್ಣ’ ಆಗುತ್ತಿತ್ತು. ಫೋಟೋ ತೆಗೆದುಕೊಂಡು ಹೋಗಲು ಬಂದವರಿಗೆ, “ಅಣ್ಣ ಒಣಗ್ಲಿ, ನಾಳೆ ಕೊಡ್ತೀನಿ” ಎನ್ನುವರು. ಬಂದವರು ಯಾವ ಅಣ್ಣನಿಗೆ ಏನಾಗಿದೆಯೋ ಎಂದು ಗಾಬರಿಯಾಗುವರು. ನಾನು ಕಿವಿಯ ಮೇಲಿನ ಪೆನ್ಸಿಲನ್ನು ತುಟಿಗೆ ಸಿಕ್ಕಿಸಿಕೊಂಡ ದಿನ ಆ ದನಿ ಬಂತು. ಅವರ ಎದುರಿಗೇ ಮಾಡಿ ತೋರಿಸಿದೆ. ಅವರು ಕೈ ನಿಲ್ಲಿಸಿ, ಕಣ್ಣು ಚಿಕ್ಕದು ಮಾಡಿ ನನ್ನನ್ನು ನೋಡಿದರು.

“ಚೆನ್ನಾಗೈತೆ. ಆದ್ರೆ ಕಣ್ಣು ಇಟ್ಟಿಲ್ಲ ನೀನು” ಎಂದರು.

“ದನಿಗೆ ಎಲ್ಲಿಂದ ಕಣ್ಣು ತರಲಿ ಟಚ್ಚಪ್ಪಣ್ಣ?”

ಅವರು ಮುಂದಿದ್ದ ಫೋಟೋದಲ್ಲಿ ಒಬ್ಬ ಮದುಮಗನ ಕಣ್ಣುಗುಡ್ಡೆಯ ಮೇಲೆ ಬಿಳಿಯ ಚುಕ್ಕೆ ಒಂದನ್ನು ಇಟ್ಟರು. ಅದುವರೆಗೆ ಹಲ್ಲುನೋವಿನವನಂತಿದ್ದ ಆ ಮನುಷ್ಯ ಒಮ್ಮೆಗೇ ಯಾರನ್ನೋ ನೋಡತೊಡಗಿದ. “ಇದು ಇಲ್ದಿದ್ರೆ ಉಳಿದಿದ್ದೆಲ್ಲ ಬರೀ ಮೂಗು, ಮೀಸೆ” ಎಂದರು.

ಸುಳ್ಳುಮೀನಿನ ಸಹವಾಸ ಅವರಿಗೆ ಅಂಟಿದ್ದೂ ಒಂದು ಫೋಟೋದಿಂದಲೇ. ಮಾರಿಕಣಿವೆ ಅಣೆಕಟ್ಟಿನ ಬಳಿಯ ಐ.ಬಿ. ಎಂಬ ಸರ್ಕಾರಿ ಬಂಗಲೆಯಲ್ಲಿ ಇಳಿದಿದ್ದ ದೊಡ್ಡ ಆಫೀಸರೊಬ್ಬರು ತಾವು ಹಿಡಿದ ಮೀನಿನ ಜೊತೆ ತೆಗೆಸಿಕೊಂಡ ಫೋಟೋಕ್ಕೆ ಬಣ್ಣ ಹಾಕಿಸಲು ಬಂದರು. ಹೋಗುವಾಗ ಖುಷಿಯಲ್ಲಿ ಒಂದು ಡಬ್ಬಿ ಬಿಟ್ಟುಹೋದರು. ಅದರೊಳಗೆ ರಬ್ಬರಿನಂತೆ ಬಳುಕುವ ಮೆತ್ತನೆಯ ಪ್ಲಾಸ್ಟಿಕ್ಕಿನ ಪುಟ್ಟ ಪುಟ್ಟ ಮೀನುಗಳು. ಎರೆಹುಳುವಿನ ಬದಲು ಇವನ್ನು ಗಾಳಕ್ಕೆ ಸಿಕ್ಕಿಸಿ ಎಳೆದರೆ ದೊಡ್ಡ ಮೀನು ನಿಜವೆಂದು ನಂಬಿ ಬಾಯಿ ಹಾಕುತ್ತದಂತೆ. ಬಣ್ಣವೆಲ್ಲ ಹೋಗಿ ಅವು ಬೇಯಿಸಿದ ಬೆಳ್ಳುಳ್ಳಿಯಂತಾಗಿದ್ದವು. ಬಣ್ಣ ಹೋದ ವಸ್ತು ಕಂಡರೆ ಟಚ್ಚಪ್ಪನವರಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಊರ ಬಾವಿಗೆ ಬಿದ್ದವರನ್ನು ಕಂಡಂತೆ ಓಡುತ್ತಿದ್ದರು.

ಇಲ್ಲಿ ಒಂದು ತಮಾಷೆಯಿದೆ. ಅವರ ಮನೆಯಲ್ಲಿ ಮೀನು ಎಂಬ ಮಾತನ್ನೂ ಆಡುವಂತಿರಲಿಲ್ಲ. ಮೊಟ್ಟೆಯನ್ನು ಕೂಡ ತಿನ್ನದ ಜನ. ಹಾಗಾಗಿ ಹೆಂಡತಿಗೆ ಅವರು ಹೇಳಿದ್ದು “ಮಕ್ಕಳ ಆಟದ ಸಾಮಾನು ಕಣೇ” ಎಂದು. ಮನೆಯಲ್ಲಿ ಮಕ್ಕಳಿರಲಿಲ್ಲ. ನಾವೆಲ್ಲ ಅಮ್ಮ ಎಂದು ಕರೆಯುತ್ತಿದ್ದ ಆಕೆ ಅದನ್ನು ಎತ್ತಿ ಆಡಲಿಲ್ಲ.

ಡಬ್ಬಿಯ ಮೀನು ಮುಗಿದ ಮೇಲೆ ಟಚ್ಚಪ್ಪನವರು ತಾವೇ ಮೀನು ಎರಕ ಹೊಯ್ಯಲು ಕೂತರು. ಸುಣ್ಣದ ಗಾರೆಯಂಥ ಪ್ಲಾಸ್ಟರ್ ಪುಡಿ ಕಲಸಿ ಅಚ್ಚು ಮಾಡಿದರು. ಹೆಂಗಸರು ಮಳೆಗಾಲದಲ್ಲಿ ಹಾಕುವ ಮೆತ್ತನೆಯ ಪ್ಲಾಸ್ಟಿಕ್ ಚಪ್ಪಲಿ ಹರಿದದ್ದನ್ನು ಬೀದಿಯಿಂದ ಆರಿಸಿ ತಂದು, ತೊಳೆದು, ಹೆಚ್ಚಿ, ಹಳೆಯ ಪಾತ್ರೆಯಲ್ಲಿ ಕಾಸಿದರು. ಆ ವಾಸನೆಗೆ ನೆರೆಮನೆಯವರು ಕಿಟಕಿ ಮುಚ್ಚಿದರು. ಅಮ್ಮ ಹಿತ್ತಲಿನಿಂದ ಕೂಗಿದ್ದು ಬಸ್ ಸ್ಟ್ಯಾಂಡಿಗೆ ಕೇಳಿತು: “ಏನ್ರೀ, ಇವತ್ತೂ ಚಪ್ಪಲಿ ಸಾರೇನ್ರೀ?”

ಬಣ್ಣ ಹಚ್ಚುವುದು ಅದಕ್ಕಿಂತ ದೊಡ್ಡ ಪಾಡು. ಫೋಟೋದ ಬಣ್ಣ ಹಚ್ಚಿದರೆ ಎಲೆಯ ಮೇಲಿನ ನೀರಿನಂತೆ ಜಾರಿತು. ಸೈಕಲ್ ಶಾಪಿನ ಎನಾಮಲ್ ಹಚ್ಚಿದರೆ ನಿಂತಿತು, ಆದರೆ ಒಣಗಲಿಲ್ಲ. ವಾರ ಬಿಟ್ಟು ಮುಟ್ಟಿದರೂ ಬೆರಳಿಗೆ ಅಂಟುತ್ತಿತ್ತು. ಮೆತ್ತನೆಯ ಪ್ಲಾಸ್ಟಿಕ್ ಒಳಗಿನಿಂದ ಏನನ್ನೋ ಬೆವರುತ್ತ ಇರುತ್ತದೆ, ಅದು ಬಣ್ಣವನ್ನು ಒಣಗಗೊಡುವುದಿಲ್ಲ ಎಂದು ಅವರೇ ಕಂಡುಕೊಂಡರು. ಅಂಟು ಹೋಗಲೆಂದು ಅಮ್ಮನ ಪೌಡರ್ ಬಡಿದರು. ಮೀನುಗಳು ನಾಟಕದ ಪಾತ್ರಧಾರಿಗಳಂತೆ ಕಂಡವು. ಅವನ್ನು ಅಮ್ಮನ ಪೌಡರ್ ಡಬ್ಬಿಯಲ್ಲೇ ಮುಚ್ಚಿಟ್ಟು ಮರೆತರು. ತೆಗೆದಾಗ ಮೆತ್ತನೆಯ ಪ್ಲಾಸ್ಟಿಕ್ಕು ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸಿ ಮೀನೂ ಡಬ್ಬಿಯೂ ಒಂದೇ ಆಗಿದ್ದವು. ಅಮ್ಮ ಆ ಡಬ್ಬಿಯನ್ನು ಜಗಲಿಯಲ್ಲಿಟ್ಟು ಬಂದವರಿಗೆಲ್ಲ ತೋರಿಸಿದರು: “ನೋಡಪ್ಪ, ನಮ್ಮನೆ ಪೌಡರ್ರು ಈಜಾಡ್ತೈತೆ.”

ಕೊನೆಗೆ ನೀರಿನ ಪೈಪು ಅಂಟಿಸುವ ಗೋಂದನ್ನು ಪೇಂಟಿನ ತಿನ್ನರಿನಲ್ಲಿ ತೆಳ್ಳಗೆ ಮಾಡಿ ಅದಕ್ಕೆ ಬಣ್ಣ ಸೇರಿಸಿದರೆ ಹಿಡಿಯುತ್ತದೆ, ಒಣಗುತ್ತದೆ ಎಂದು ತಿಳಿಯುವ ಹೊತ್ತಿಗೆ ಬೇಸಗೆ ಕಳೆದಿತ್ತು. ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಬೆನ್ನಿಗೆ ಪಾಚಿಯ ಹಸಿರು, ಹೊಟ್ಟೆಗೆ ಮಜ್ಜಿಗೆಯ ಬಿಳುಪು, ಪಕ್ಕೆಗೆ ಹೊಳೆಯುವ ಬೇಗಡೆಯ ಪುಡಿ. ಎಲ್ಲ ಆದಮೇಲೆ ಕಣ್ಣು, ಕಣ್ಣಿನಲ್ಲಿ ಆ ಒಂದು ಚುಕ್ಕೆ. “ಈನು ಹಸಿವಿಗೆ ಕಚ್ಚಲ್ಲ ಕಣೋ, ನೋಟಕ್ಕೆ ಕಚ್ತೈತೆ” ಎನ್ನುವರು, ತುಟಿಯಲ್ಲಿ ಕುಂಚ.

ಸೋಮವಾರ ಸ್ಟುಡಿಯೋಕ್ಕೆ ರಜೆ. ಆ ದಿನ ಅವರು ನನ್ನ ಬಸ್ಸು ಹತ್ತಿ, ಮಾರಿಕಣಿವೆ ದಾಟಿ, ಹಿನ್ನೀರಿನ ಬದಿಯ ಒಂದು ಹಟ್ಟಿಯ ಬಳಿ ಇಳಿಯುತ್ತಿದ್ದರು. ಅಲ್ಲಿ ಅವರ ಗೆಳೆಯನಿದ್ದ. ಕುರಿ ಕಾಯುವವನು, ಆ ಹಟ್ಟಿಯ ಹಿರಿಯ, ಮಾತು ಕಡಿಮೆ, ಕಂಬಳಿ ದಪ್ಪ. ಟಚ್ಚಪ್ಪನವರು ಅವನನ್ನು ಕರೆಯುತ್ತಿದ್ದುದೇ “ಕಂಬ್ಳಿ” ಎಂದು. ಅವನು ಇವರನ್ನು “ಬಣ್ಣದೋನೇ” ಎನ್ನುತ್ತಿದ್ದ. ನಾನು “ಯಜಮಾನ್ರೇ” ಎಂದು ಮರ್ಯಾದೆಯಿಂದ ಕರೆದು, ಬಸ್ಸು ಹೊರಟ ಮೇಲೆ ಅವನ ದನಿ ತೆಗೆಯುತ್ತಿದ್ದೆ. ಅದರ ಗುಟ್ಟು ಇಷ್ಟೇ: ಏನೇ ಮಾತಾಡಲಿ, ಎಷ್ಟೇ ದೊಡ್ಡ ವಿಷಯವಿರಲಿ, ನಡುವೆ ಒಂದು ಸಲ “ಟ್ರ್ರ್ ಹೋಯ್” ಎಂದು ಕುರಿಗೆ ಕೂಗಬೇಕು. ಕುರಿ ಇಲ್ಲದಿದ್ದರೂ ಕೂಗಬೇಕು.

ಅವರಿಬ್ಬರೂ ದಂಡೆಯಲ್ಲಿ ಕುಳಿತಿರುವುದನ್ನು ನೋಡಬೇಕಿತ್ತು. ಯಜಮಾನ ಕಪ್ಪೆ ಸಿಕ್ಕಿಸಿದ ಗಾಳ ಬಿಟ್ಟು ಕಣ್ಣು ಮುಚ್ಚುವನು. ಟಚ್ಚಪ್ಪನವರು ಸುಳ್ಳುಮೀನನ್ನು ಎಸೆದು, ಎಳೆದು, ಬೆದರಿದ ಮರಿಯಂತೆ ಅದನ್ನು ನಡುಗಿಸುವರು.

“ಲೇ ಬಣ್ಣದೋನೇ, ನಿನ್ನ ಚಪ್ಪಲಿ ತಿನ್ನಾಕೆ ಯಾವ ಮೀನು ಬರ್ತೈತೋ?”

“ನಿನ್ನ ಕಪ್ಪೆ ತಿಂದು ತಿಂದು ಅವಕ್ಕೂ ಬೇಜಾರಾಗೈತೆ ಕಂಬ್ಳಿ.”

ಸಿಕ್ಕಿದ ಮೀನೆಲ್ಲ ಯಜಮಾನನ ಒಲೆಗೆ ಹೋಗುತ್ತಿತ್ತು. ಟಚ್ಚಪ್ಪನವರು ಮುದ್ದೆಯ ಜೊತೆ ಈರುಳ್ಳಿ ಕಚ್ಚಿಕೊಂಡು ದೂರ ಕೂರುತ್ತಿದ್ದರು. ಸಾರಿನ ವಾಸನೆ ಬಂದಾಗ ಮುಖ ಆ ಕಡೆ ತಿರುಗಿಸುತ್ತಿದ್ದರು. ಯಾವ ಕಡೆ ಎಂದು ಮಾತ್ರ ನಾನು ಹೇಳುವುದಿಲ್ಲ.

ಇದು ಹೀಗೆ ವರ್ಷಗಟ್ಟಲೆ ನಡೆಯಿತು. ಕೆಡಿಸಿದ್ದು ಒಂದು ಮಾತು. ಕೆಂಪು ಎಂಬ ಮಾತು.

ನಾನು ಅಲ್ಲಿರಲಿಲ್ಲ. ಆಮೇಲೆ ಇಬ್ಬರ ಬಾಯಿಂದಲೂ ಕೇಳಿದ್ದೇನೆ, ಬೇಕೆಂದರೆ ಇಬ್ಬರ ದನಿಯಲ್ಲೂ ಹೇಳಬಲ್ಲವನಾಗಿದ್ದೆ. ಎಮರ್ಜೆನ್ಸಿ ಬಂದು ನಮ್ಮ ಮಾವನ ಬಸ್ಸು ಕೂಡ ಸಮಯಕ್ಕೆ ಸರಿಯಾಗಿ ಹೊರಡುತ್ತಿದ್ದ ವರ್ಷ ಅದು. ಮುಂಗಾರು ಹನಿದು ಹಿನ್ನೀರು ಜೊಂಡಿನವರೆಗೆ ಏರಿತ್ತು. ಕೊರಮೀನು ಮರಿ ಮಾಡುವ ಕಾಲ. ಹಾವಿನಂಥ ತಲೆಯ ಆ ಮೀನಿನ ಮರಿಗಳು ಹುಟ್ಟಿದಾಗ ಕೆಂಪಗಿರುತ್ತವೆ. ನೂರಾರು ಮರಿಗಳು ಒಂದು ಉಂಡೆಯಾಗಿ, ನೀರಿನ ಮೇಲೆ ಕುಂಕುಮ ಚೆಲ್ಲಿದಂತೆ, ಅಲ್ಲಲ್ಲೇ ಕುದಿಯುತ್ತಿರುತ್ತವೆ. ಕೆಳಗೆ ತಾಯಿ ಕಾವಲಿರುತ್ತದೆ. ಮರಿಗಳ ಬಳಿ ಏನು ಸುಳಿದರೂ ನೆಗೆದು ಕಚ್ಚುತ್ತದೆ. ಹಟ್ಟಿಯವರ ಬಾಯಲ್ಲಿ ಆ ಮರಿಯುಂಡೆಗೆ ಹೆಸರೇ ‘ಕೆಂಪು’. “ಜೊಂಡಿನ ತಾವ ಕೆಂಪು ಬಿಟ್ಟೈತೆ” ಎಂದರೆ ಆ ಕಡೆ ಯಾರೂ ಗಾಳ ಹಾಕುವುದಿಲ್ಲ. ಹಾಲೂಡುವ ಕುರಿಯನ್ನು ಸಂತೆಗೆ ಹೊಡೆಯುವುದಿಲ್ಲವಲ್ಲ, ಹಾಗೆ.

ಯಜಮಾನ ಆ ಕೆಂಪನ್ನು ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದ. ಆ ಸೋಮವಾರ ಟಚ್ಚಪ್ಪನವರು ಬಂದಾಗ ಕುರಿ ಅಟ್ಟಿಸಿಕೊಂಡು ಗುಡ್ಡ ಹತ್ತುತ್ತಿದ್ದವನು ಅಲ್ಲಿಂದಲೇ ಕೂಗಿದ: “ಜೊಂಡಿನ ತಾವ ಕೆಂಪೈತೆ ಕಣ್ಲೇ, ನೋಡ್ಕಂಡು ಹಾಕು! ಟ್ರ್ರ್ ಹೋಯ್!”

ಬಣ್ಣ ಬಿಟ್ಟು ಬೇರೇನೂ ಕೇಳಿಸದ ಕಿವಿ ಅದು. ಜೊಂಡಿನ ಬಳಿ ಕೆಂಪು ನಡೆಯುತ್ತದೆ, ಕೆಂಪನ್ನೇ ಹಾಕು ಎಂದು ಟಚ್ಚಪ್ಪನವರಿಗೆ ಅರ್ಥವಾಯಿತು. ಕಂಬಳಿ ಅಂತೂ ತನ್ನ ಸುಳ್ಳುಮೀನಿಗೆ ಮರ್ಯಾದೆ ಕೊಟ್ಟ ಎಂದು ಹಿಗ್ಗಿದರು. ಚೀಲದಲ್ಲಿ ಒಂದೇ ಒಂದು ಕೆಂಪು ಮೀನಿತ್ತು. ಮೊದಮೊದಲ ದಿನಗಳಲ್ಲಿ ಸೈಕಲ್ ಎನಾಮಲ್ ಹಚ್ಚಿ ಮಾಡಿದ್ದು, ಇನ್ನೂ ಅಂಟುತ್ತಿದ್ದದ್ದು. ಅದನ್ನೇ ಸಿಕ್ಕಿಸಿ ಎಸೆದರು. ನೀರಿಗೆ ಬೀಳುವುದೇ ತಡ, ಹಿಂದೆಂದೂ ಕಾಣದಷ್ಟು ದೊಡ್ಡ ಕೊರಮೀನು ಹಾರಿ ಕಚ್ಚಿತು.

ಯಜಮಾನ ಗುಡ್ಡದಿಂದ ಇಳಿದು ಬರುವ ಹೊತ್ತಿಗೆ ತಾಯಿ ದಂಡೆಯ ಮೇಲೆ ಬಾಲ ಬಡಿಯುತ್ತಿತ್ತು. ಟಚ್ಚಪ್ಪನವರು ಕುಣಿಯುತ್ತಿದ್ದರು. ನೀರಿನಲ್ಲಿ ಕೆಂಪು ಚದುರಿ ನೂರು ಕಡೆ ಹರಿಯುತ್ತಿತ್ತು, ಬೆಳ್ಳಕ್ಕಿಗಳು ಆಗಲೇ ಬಂದು ಇಳಿದಿದ್ದವು. ಯಜಮಾನ ತಾಯಿಯನ್ನು ಎತ್ತಿ ನೀರಿಗೆ ಬಿಟ್ಟ. ಅದು ಮಗ್ಗುಲಾಗಿ ತೇಲಿತು. ಅವನು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಒಂದು ಮಾತೂ ಆಡದೆ ಹಟ್ಟಿಗೆ ಹೋದ. ಟಚ್ಚಪ್ಪನವರು ಬಹಳ ಹೊತ್ತು ಕಾದು, ನನ್ನ ಸಂಜೆಯ ಬಸ್ಸಿಗೆ ಬಂದು ಕುಳಿತರು. “ಕಂಬ್ಳಿಗೆ ಹೊಟ್ಟೆಕಿಚ್ಚು ಕಣೋ” ಎಂದರು. ನಗುವುದಕ್ಕೆ ನೋಡಿದರು. ಮುಂದಿನ ಸೋಮವಾರ ಇವರು ಹೋದಾಗ ಹಟ್ಟಿಯ ಹೆಂಗಸರು, “ಅವ್ರು ಕುರಿ ಹಿಂದೆ ಹೋಗ್ಯಾರೆ” ಎಂದರು. ಅದರ ಮುಂದಿನ ವಾರವೂ ಅದನ್ನೇ ಹೇಳಿದರು. ಟಚ್ಚಪ್ಪನವರು ಹೋಗುವುದನ್ನು ಬಿಟ್ಟರು.

ನಮ್ಮ ಬಸ್ಸಿಗೆ ಆ ಹಟ್ಟಿಯ ಬಳಿಯೇ ಬಾಯಾರಿಕೆ. ಡ್ರೈವರು ರೇಡಿಯೇಟರಿಗೆ ನೀರು ಹಾಕುವಷ್ಟು ಹೊತ್ತು ನಿಲ್ಲುತ್ತಿತ್ತು. ಒಂದು ದಿನ ಯಜಮಾನ ತಾನಾಗಿ ಹತ್ತಿರ ಬಂದ.

“ಏನಂತಾನಪ್ಪ ನಿಮ್ಮ ಬಣ್ಣದೋನು?”

“ಏನೂ ಅನ್ನಲ್ಲ. ನೀವು ಹೊಟ್ಟೆಕಿಚ್ಚು ಪಟ್ರಿ ಅಂತಾರೆ.”

ಆಗ ಅವನು ಕೆಂಪಿನ ವಿಷಯವನ್ನೆಲ್ಲ ನನಗೆ ಹೇಳಿದ. “ಕೆಂಪೈತೆ ಅಂತ ಕೂಗಿ ಹೇಳಿದ್ನಪ್ಪ. ಕೇಳುಸ್ಕಂಡು ಹಾಕ್ಯಾನೆ. ತಿನ್ನೋ ನಾನೇ ಬಿಟ್ಟಿದ್ದೆ. ತಿನ್ನದೋನು ಹಿಡ್ದ. ಟ್ರ್ರ್ ಹೋಯ್!”

ನಾನು ಆ ಮಾತನ್ನು, ಆ ಉಸಿರನ್ನು, ಆ ಟ್ರ್ರ್ ಹೋಯನ್ನು ಹಾಗೆಹಾಗೇ ತಂದು ಹಿರಿಯೂರಿನ ಸ್ಟುಡಿಯೋದಲ್ಲಿ ಇಳಿಸಿದೆ. ಟಚ್ಚಪ್ಪನವರ ಕೈಯಲ್ಲಿದ್ದ ಕುಂಚ ಒಬ್ಬ ಮದುಮಗಳ ಹಣೆಯ ಮೇಲೇ ನಿಂತುಬಿಟ್ಟಿತು. ಕುಂಕುಮ ದೊಡ್ಡದಾಗುತ್ತ ಆಗುತ್ತ ಹುಬ್ಬು ಮುಟ್ಟಿತು. ಆಮೇಲೆ ತುಟಿಯ ಕುಂಚ ತೆಗೆಯುವುದನ್ನೂ ಮರೆತು ಹೇಳಿದರು: “ಅವಂಗೆ ಹೇಳೋ. ನಾನು ಅಣ್ಣ ಅಂದ್ಕಂಡೆ ಅಂತ ಹೇಳು.”

ಅದನ್ನೂ ಹಾಗೇ ಒಯ್ದೆ. ರಸ್ತೆ ಬದಿಯಲ್ಲಿ ಪೆನ್ಸಿಲು ತುಟಿಗೆ ಸಿಕ್ಕಿಸಿ, ಕಣ್ಣು ಚಿಕ್ಕದು ಮಾಡಿ, “ನಾನು ಅಣ್ಣ ಅಂದ್ಕಂಡೆ” ಎಂದೆ.

ಯಜಮಾನ ನನ್ನನ್ನೇ ನೋಡಿದ. “ಯಾರನ್ನ?”

“ಬಣ್ಣ, ಯಜಮಾನ್ರೇ. ಬಾಯಾಗೆ ಕುಂಚ ಐತೆ. ನೀವು ಮರಿ ಅಂದ್ರಿ, ಅವರು ಬಣ್ಣ ಅಂದ್ಕಂಡ್ರು.”

ಆಮೇಲೆ ಅವನ ಕಂಬಳಿ ಅಲುಗಾಡತೊಡಗಿತು. ನಗುತ್ತಿದ್ದ. “ಥೂ ಇವನ! ಇನ್ನೊಂದ್ಸಲ ಹೇಳು, ಅವನ ಥರಾನೇ ಹೇಳು” ಎಂದ. ಇನ್ನೊಂದು ಸಲ ಹೇಳಿದೆ. ಬಸ್ಸಿನ ಕಿಟಕಿಗಳೆಲ್ಲ ನಕ್ಕವು. ಹೊರಡುವಾಗ ಮಾತ್ರ ಗಟ್ಟಿಯಾಗಿ ಹೇಳಿದ: “ಅದನ್ನ ಅವನೇ ಬಂದು ಹೇಳ್ಲಿ. ನನಗೇನು ಕಿವಿ ಇಲ್ವಾ? ಬಂದು ಹೇಳ್ಲಿ.”

ಇದನ್ನು ಕೇಳಿ ಟಚ್ಚಪ್ಪನವರೂ ನಕ್ಕರು. ಬಣ್ಣದ ಕೈಯಲ್ಲೇ ಕಣ್ಣು ಒರೆಸಿಕೊಂಡು ಕೆನ್ನೆಯ ಮೇಲೆ ಹಸಿರು ಗೆರೆ ಎಳೆದುಕೊಂಡರು. “ಆ ‘ಬಂದು ಹೇಳ್ಲಿ’ ಅಂದದ್ದು ಇನ್ನೊಂದ್ಸಲ ಮಾಡೋ. ಅಯ್ಯಪ್ಪ, ಕಂಬ್ಳಿ ವಾಸ್ನೆ ಸೈತ ಬಂತು ಕಣೋ!”

“ಸೋಮವಾರ ಹೋಗಾಣ ಬರ್ರಿ. ಟಿಕೆಟ್ ತಗಳಲ್ಲ ನಾನು.”

“ಹೋಗಾಣ, ಹೋಗಾಣ. ಈಗ್ತಾನೆ ಮಾತಾಡ್ದಂಗೆ ಆತಲ್ಲ. ಅವಂಗೆ ಅಂತ ಒಂದು ಕಪ್ಪೆ ಮಾಡ್ತಾ ಇದೀನಿ. ಒಣಗ್ಲಿ, ಹೋಗಾಣ.”

ಆ ಕಪ್ಪೆಯನ್ನು ನಾನು ನೋಡಿದ್ದೇನೆ. ಬೆನ್ನ ಮೇಲೆ ಕಂದು ಮಚ್ಚೆ, ಗಂಟಲಿನ ಕೆಳಗೆ ಹಳದಿ, ತೊಡೆಯ ಪಟ್ಟೆಗಳಂತೂ ಒಂದೊಂದೂ ಬೇರೆ. ಬೆರಳಿನ ಮೇಲಿಟ್ಟರೆ ಈಗ ಹಾರೀತು ಎನ್ನಿಸುವಂಥದ್ದು. ಅದು ಒಣಗಿತ್ತು ಕೂಡ. ಪೈಪಿನ ಗೋಂದಿನ ಬಣ್ಣ ಒಂದು ಬೀಡಿ ಸೇದುವಷ್ಟರಲ್ಲಿ ಒಣಗುತ್ತದೆ. ಆದರೆ ಅವರು ಪ್ರತಿಸಲ ಅದರ ಮೇಲೆ ಇನ್ನೊಂದು ಮಚ್ಚೆ ಇಡುತ್ತಿದ್ದರು. ಮತ್ತೆ, “ಒಣಗ್ಲಿ, ಹೋಗಾಣ” ಎನ್ನುತ್ತಿದ್ದರು. ಅಂದಿನಿಂದ ಅವರು ಒಂದು ಮೀನಿಗೂ ಕೆಂಪು ಹಚ್ಚಲಿಲ್ಲ. ಆ ಹಳೆಯ ಕೆಂಪು ಮೀನನ್ನು ಮಾತ್ರ ಎಸೆಯಲಾರದೆ ಅಡುಗೆಮನೆಯ ಕಿಟಕಿಯ ಮೊಳೆಗೆ ನೇತುಹಾಕಿದ್ದರು. ಅಂಟಿನ ಮೈಗೆ ಮಸಿ, ದೂಳು, ಹಿಟ್ಟು ಎಲ್ಲ ಮೆತ್ತಿ ಅದು ಒಣಮೆಣಸಿನಕಾಯಿಯಂತೆ ಕಾಣುತ್ತಿತ್ತು. ಒಮ್ಮೆ ಅಮ್ಮ ಅದನ್ನು ಒಗ್ಗರಣೆಗೆ ಹಾಕಲು ಕೈಚಾಚಿದ್ದೂ ಉಂಟು.

ಹೀಗೆ ನಾನು ಹೋಗುವಾಗ ಒಂದು ದನಿ, ಬರುವಾಗ ಒಂದು ದನಿ ಸಾಗಿಸಿದೆ. ಇಬ್ಬರ ಜಗಳ, ಬೈಗುಳ, ಮೊಣಕಾಲು ನೋವು, ಕುರಿಗೆ ಬಂದ ಕೆಮ್ಮು, ಊರಿಗೆ ಬಂದ ಬಣ್ಣದ ಫೋಟೋ ಎಲ್ಲ ನನ್ನ ಗಂಟಲಿನಲ್ಲೇ ಓಡಾಡಿದವು. ಬಣ್ಣದ ಫೋಟೋ ಬಂದಮೇಲೆ ಸ್ಟುಡಿಯೋದಲ್ಲಿ ಟಚ್ಚಪ್ಪನವರಿಗೆ ಕೆಲಸ ಕಡಿಮೆಯಾಗಿತ್ತು. “ಕಂಪ್ನಿಯೋರ ಹಸಿರು ನೋಡು, ಸೊಪ್ಪು ಕೊಳೆತಂಗೈತೆ” ಎಂದು ಅದರ ಮೇಲೂ ಒಂದು ಕೈ ಹಚ್ಚುತ್ತಿದ್ದರು. ನಾನು ಅದನ್ನು ಹೇಳಿದಾಗ ಯಜಮಾನ, “ಅವನ ಕಣ್ಣಿಗೆ ದೇವ್ರು ಮಾಡಿದ ಹಸಿರೂ ಹಿಡಿಸಲ್ಲ ಬಿಡು” ಎಂದ. ಅದನ್ನು ಹೇಳಿದಾಗ ಇವರು ಉಬ್ಬಿಹೋದರು. ನನ್ನ ಕಲೆ ಆ ದಿನಗಳಲ್ಲಿ ಎಷ್ಟು ಹದಕ್ಕೆ ಬಂದಿತ್ತೆಂದರೆ ಯಜಮಾನ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದ. ಟಚ್ಚಪ್ಪನವರಂತೂ ನನ್ನ ಕಡೆ ನೋಡುವುದನ್ನೇ ಬಿಟ್ಟು, ಕೆಲಸ ಮಾಡುತ್ತ, ಎದುರಿಗೆ ಅವನೇ ಕೂತಿದ್ದಾನೆ ಎಂಬಂತೆ, “ಆಮೇಲೇನಾತೋ ಕಂಬ್ಳಿ?” ಎನ್ನುತ್ತಿದ್ದರು. ನಾನು ಬೀಗುತ್ತಿದ್ದೆ.

ಬೀಗದಿದ್ದವರು ಅಮ್ಮ ಒಬ್ಬರೇ. “ಇಬ್ರೂ ಒಂದ್ಸಲ ಮುಖ ನೋಡ್ಕಂಡ್ರೆ ಮುಗೀತಪ್ಪ. ನಡುವೆ ನಿಂದೇನು ಹರಿಕಥೆ?” ಎಂದರು. ನಾನು ಅದನ್ನು ಅವರ ದನಿಯಲ್ಲೇ ತಿರುಗಿ ಹೇಳಿದೆ. ಸೌಟು ಬಂದು ಬಾಗಿಲಿಗೆ ಬಡಿಯಿತು.

ಟಚ್ಚಪ್ಪನವರು ಒಂದು ಬೆಳಗ್ಗೆ ಸ್ಟುಡಿಯೋದ ಮೇಜಿನ ಮೇಲೆ ತಲೆಯಿಟ್ಟರು. ಬಣ್ಣ ಒಣಗಲೆಂದು ಕಾಯುತ್ತ ಹಾಗೆ ಒರಗುವುದು ಅವರ ರೂಢಿ, ಯಾರೂ ಎಬ್ಬಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ತುಟಿಯಲ್ಲಿ ಕುಂಚ ಇತ್ತು.

ಸಂಸ್ಕಾರವೆಲ್ಲ ಮುಗಿದ ಮೇಲೆ ನಾನು ಮತ್ತೆ ಬಸ್ಸು ಹತ್ತಿದೆ. ಹಟ್ಟಿಯ ಬಳಿ ಯಜಮಾನ ಎಂದಿನಂತೆ ಬಂದು ನಿಂತ. “ಏನಂತಾನಪ್ಪ?” ಎಂದ.

“ಹೋಗ್ಬಿಟ್ರು ಯಜಮಾನ್ರೇ” ಎಂದೆ.

ಅವನು ತಲೆ ಓರೆ ಮಾಡಿದ. “ಯಾರ ದನಿಯಪ್ಪ ಇದು?”

“ನಂದೇ” ಎಂದೆ.

ಅವನಿಗೆ ಆಗ ಅರ್ಥವಾಯಿತು. ಕೈಯಲ್ಲಿದ್ದ ಕೋಲನ್ನು ಪಕ್ಕದಲ್ಲಿದ್ದ ಮೊಮ್ಮಗಳಿಗೆ ಕೊಟ್ಟ. ಆ ರಸ್ತೆಯಲ್ಲಿ ಬಸ್ಸು ಓಡಲು ಶುರುವಾದಾಗಿನಿಂದ ಅದನ್ನು ಹತ್ತದಿದ್ದ ಮನುಷ್ಯ ಹತ್ತಿ, ಬಾಗಿಲ ಪಕ್ಕದ ಸೀಟಿನಲ್ಲಿ, ಟಚ್ಚಪ್ಪನವರು ಕೂರುತ್ತಿದ್ದಲ್ಲೇ ಕುಳಿತ. ಅಲ್ಲಿ ಅವರು ಕೂರುತ್ತಿದ್ದರೆಂದು ಅವನಿಗೆ ಗೊತ್ತಿರಲಿಲ್ಲ. ಹಿರಿಯೂರಿನವರೆಗೆ ಒಂದು ಸಲವೂ ಟ್ರ್ರ್ ಹೋಯ್ ಎನ್ನಲಿಲ್ಲ.

ಅಮ್ಮ ಜಗಲಿಯಲ್ಲಿದ್ದರು. ಯಾರೆಂದು ಕೇಳಲಿಲ್ಲ. ಕಂಬಳಿ ನೋಡಿದರು. “ಬರ್ರಿ. ಒಳಗೆ ಬರ್ರಿ, ಕುಂತ್ಕಳ್ರಿ” ಎಂದರು. ಮೀನು ತಿನ್ನುವವನೊಬ್ಬ ಆ ಅಡುಗೆಮನೆಯ ಬಾಗಿಲವರೆಗೆ ಹೋದದ್ದು ಅದೇ ಮೊದಲು. ಅವರು ಕಪ್ಪೆಯನ್ನು ತಂದು ಅವನ ಅಂಗೈ ಮೇಲಿಟ್ಟರು. “ನಿಮಗೇ ಅಂತ ಮಾಡಿದ್ದು. ಒಣಗ್ಲಿ, ಹೋಗಾಣ ಅಂತಾನೇ ಇದ್ರು.”

ಯಜಮಾನ ಕಪ್ಪೆಯ ಹೊಟ್ಟೆ, ಬೆನ್ನು ಎಲ್ಲ ತಿರುಗಿಸಿ ನೋಡಿದ. “ಪಟ್ಟೆ ಸರಿಯಾಗಿ ಬಂದಾವೆ” ಎಂದ. ಅವನ್ನು ಬೆರಳಿನಿಂದ ಒಂದೊಂದಾಗಿ ಎಣಿಸತೊಡಗಿದ. ಅದನ್ನು ನೋಡಿ ಅಮ್ಮನಿಗೆ ತಡೆಯಲಾಗಲಿಲ್ಲ. ನನ್ನ ಕಡೆ ತಿರುಗಿದರು. ಯಾವಾಗಲೂ ನನ್ನನ್ನು ಗದರುತ್ತಿದ್ದ ಅದೇ ಅಮ್ಮ, ಸೆರಗಿನ ತುದಿ ಹಿಡಿದು, “ಲೇ ಅಪ್ಪಾ, ಆ ಅಣ್ಣ ಅಂದ್ಕಂಡೆ ಅಂದ್ರಲ್ಲ, ಅದೊಂದು ಹೇಳೋ. ಅವರು ಹೇಳ್ದಂಗೇ ಹೇಳು” ಎಂದರು.

ನಾನು ಕಿವಿಯ ಮೇಲಿನ ಪೆನ್ಸಿಲು ತೆಗೆದೆ. ತುಟಿಯ ಹತ್ತಿರ ತಂದೆ.

ಯಜಮಾನ ಕೈ ಅಡ್ಡ ಹಿಡಿದ. “ಬ್ಯಾಡಮ್ಮ” ಎಂದ. ಆಮೇಲೆ ನನಗೆ, ಬೈಯುವ ದನಿಯೇ ಅಲ್ಲ ಅದು, ಕುರಿಮರಿಗೆ ಹೇಳುವಂತೆ ಹೇಳಿದ: “ನೀನು ಭಾಳ ಚೆನ್ನಾಗಿ ಮಾಡ್ತೀಯ ಕಣಪ್ಪ. ನೀನು ಬಂದು ಹೋದ್ರೆ ಅವನೇ ಬಂದು ಹೋದಂಗೆ ಆಗ್ತಿತ್ತು. ಅದಕ್ಕೇ ನಾನೂ ಬಸ್ಸು ಹತ್ಲಿಲ್ಲ.”

ಪೆನ್ಸಿಲು ಎಲ್ಲಿ ಇಡಬೇಕೆಂದು ನನಗೆ ತಿಳಿಯಲಿಲ್ಲ. ಕೈಯಲ್ಲೇ ಹಿಡಿದುಕೊಂಡೆ.

ಅವನು ಹೊರಡಲು ಎದ್ದಾಗ ಕಿಟಕಿಯ ಮೊಳೆ ಅವನ ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ಆ ಒಣಮೆಣಸಿನಕಾಯಿಯಂಥದನ್ನು ಬಿಚ್ಚಿಕೊಂಡು ಬೆಳಕಿಗೆ ಹಿಡಿದ. ಅದು ಏನೆಂದು ಗುರುತು ಸಿಕ್ಕಿತೆಂದು ಅವನ ಮುಖದಲ್ಲಿ ಗೊತ್ತಾಯಿತು. ಹೆಬ್ಬೆರಳಿನಿಂದ ಅದರ ಬೆನ್ನನ್ನು ಮೆಲ್ಲಗೆ ಉಜ್ಜಿದ. ದೂಳೂ ಮಸಿಯೂ ಸುರುಳಿಯಾಗಿ ಎದ್ದು ಬಂದವು. ಕೆಳಗೆ ಕೆಂಪು, ನಿನ್ನೆ ಹಚ್ಚಿದಂತೆ. ಕಣ್ಣಿನ ಬಿಳಿಯ ಚುಕ್ಕೆಯೂ ಹಾಗೇ ಇತ್ತು.

ಅವನು ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡ. ಅದು ಕೆಂಪಾಗಿತ್ತು.

“ಹಸಿ ಐತಲ್ಲಮ್ಮ ಇನ್ನೂ” ಎಂದ.